ದಯಾನಂದನ ತಲೆಯ ಮೇಲಿನ ಜಂಟಿ ಮರ

ತೋಟದ ಬದುವಿನ ಮೇಲೆ ಬೆಳೆದ ಮರ ಯಾರಿಗೆ ಸೇರಬೇಕು ಎಂದು ಹೇಳಲು ಕಾನೂನಿದೆ, ಕಚೇರಿಗಳಿವೆ, ಕೇಳಿದರೂ ಕೇಳದಿದ್ದರೂ ತೀರ್ಪು ಕೊಡುವ ಊರಿನ ಹಿರಿಯರಿದ್ದಾರೆ. ಆದರೆ ಒಬ್ಬ ಮನುಷ್ಯನ ತಲೆಯ ಮೇಲೆ ಬೆಳೆದ ಮರ ಯಾರಿಗೆ ಸೇರಬೇಕು ಎಂಬುದನ್ನು ಇದುವರೆಗೆ ಯಾರೂ ಯೋಚಿಸಿದಂತಿಲ್ಲ. ಹಾಲ್ಕುರಿಕೆ ಬಳಿಯ ದಯಾನಂದ ಈ ವಿಷಯದಲ್ಲಿ ಪಟ್ಟ ಪಾಡನ್ನು ನೋಡಿದ ಮೇಲೆ, ಬೇಗ ಯಾರಾದರೂ ಯೋಚಿಸುವುದು ಒಳ್ಳೆಯದು ಎಂದು ನಮಗೆ ಅನ್ನಿಸಿದೆ.

ದಯಾನಂದ ಕೆಟ್ಟವನಲ್ಲ. ಒಂದು ತೆಂಗಿನ ತೋಟ, ಎರಡು ಹಸು, ಸುನಂದಾ ಎಂಬ ಹೆಂಡತಿ, ಮಗಳು ಹೊಸದು ಕೊಂಡ ಮೇಲೆ ಮನೆಯಲ್ಲೇ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು, ಇಷ್ಟು ಅವನ ಸಂಸಾರ. ಇದರಲ್ಲಿ ಅವನ ಮಾತು ಕೇಳುತ್ತಿದ್ದದ್ದು ಲ್ಯಾಪ್‌ಟಾಪು ಒಂದೇ. ಅದೂ ಒಂದೊಂದು ಸಲ.

ಆ ಲ್ಯಾಪ್‌ಟಾಪಿನ ದೆಸೆಯಿಂದ ಅವನು 'ತೆಂಗು ಬಳಗ'ದ ಸದಸ್ಯನಾಗಿದ್ದ. ತೆಂಗು ಬಳಗ ಎಂದರೆ ಇಂಟರ್‌ನೆಟ್ಟಿನಲ್ಲಿ ತೆಂಗು ಬೆಳೆಯುವವರು ಸೇರುವ ಒಂದು ಹರಟೆಕಟ್ಟೆ. ಒಬ್ಬರು ಗರಿ ಒಣಗುತ್ತಿದೆ ಏನು ಮಾಡಲಿ ಎಂದು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಹೇಳುತ್ತಾರೆ, ಮೂರನೆಯವರು ಆ ಉತ್ತರ ತಪ್ಪು ಎನ್ನುತ್ತಾರೆ, ಅಲ್ಲಿಗೆ ಗರಿಯ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ನುಸಿ ಬಂದಿದೆ ಎಂದರೂ, ಎಳೆಯ ಹರಳುಗಾಯಿ ಉದುರುತ್ತಿದೆ ಎಂದರೂ, ಕಾಂಡದಲ್ಲಿ ರಸ ಸೋರುತ್ತಿದೆ ಎಂದರೂ ದಯಾನಂದನದು ಅಲ್ಲಿ ಒಂದೇ ಉತ್ತರ: 'ಬೇವಿನ ಹಿಂಡಿ ಹಾಕಿ.' ಒಮ್ಮೆ ಯಾರೋ ಪಂಪ್‌ಸೆಟ್ಟಿನ ಸ್ಟಾರ್ಟರು ಸುಟ್ಟುಹೋಗಿದೆ ಎಂದು ಗೋಳಾಡಿದಾಗಲೂ ಪ್ರಶ್ನೆಯನ್ನು ಪೂರ್ತಿ ಓದದೆ ಅದನ್ನೇ ಹೇಳಿದ್ದ.

ಆ ಕಟ್ಟೆಯಲ್ಲಿ ಒಂದು ಶೋಕಿಯಿತ್ತು. ಯಾರು ಏನೇ ಬರೆಯಲಿ, ಅದರ ಕೆಳಗೆ ಅವರವರ ಅಲಂಕಾರದ ಚಿತ್ರವೊಂದು ಅಡ್ಡಪಟ್ಟಿಯ ಹಾಗೆ ತಾನಾಗಿ ಬಂದು ಕೂರುತ್ತಿತ್ತು. ಅದಕ್ಕೆ ಸಿಗ್ನೇಚರ್ ಎನ್ನುತ್ತಾರೆ. ಹೆಸರು, ಊರು, ತೋಟದ ಫೋಟೋ, ಅದರ ಸುತ್ತ ಕೈಲಾದಷ್ಟು ಮಿಂಚು. ದಂಡಿನಶಿವರದ ಮೋಹನ್ ಕುಮಾರ್ ಎಂಬುವನ ಸಿಗ್ನೇಚರ್ ಇಡೀ ಬಳಗಕ್ಕೇ ಹೆಸರುವಾಸಿ. ಬಂಗಾರದ ಅಕ್ಷರ, ತೋಟದ ಹಿಂದಿನಿಂದ ಏಳುತ್ತಿರುವ ಸೂರ್ಯ. ಅವನು ಬರೀ 'ಹೌದು' ಎಂದು ಬರೆದರೂ ಕೆಳಗೆ ಬೆಳಗಾಗುತ್ತಿತ್ತು. ದಯಾನಂದನ 'ಬೇವಿನ ಹಿಂಡಿ ಹಾಕಿ'ಯ ಕೆಳಗೆ ಮಾತ್ರ ಏನೂ ಇಲ್ಲದೆ ಬೋಳುಬೋಳಾಗಿತ್ತು, ಮತ್ತು ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೊನೆಗೊಂದು ಬೆಳಗ್ಗೆ ಇಸ್ತ್ರಿ ಷರ್ಟು ಹಾಕಿಕೊಂಡು ತೋಟದಲ್ಲಿ ನಿಂತು, ಹಸುವಿಗೆ ಹುಲ್ಲು ತರಲು ಹೊರಟಿದ್ದ ಸುನಂದಾಳ ಕೈಯಲ್ಲಿ ಒಂದು ಫೋಟೋ ತೆಗೆಸಿದ. ಅವಳು ಕುಡುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಒತ್ತಿ ಹೊರಟುಹೋದಳು. ಅದರ ಮೇಲೆ ಹೆಸರು ಬರೆದು ಸಿಗ್ನೇಚರ್ ಮಾಡಿ ಹಾಕಿದ. ಸ್ವಲ್ಪ ಹೊತ್ತಿಗೆ ಮೋಹನ್ ಕುಮಾರನ ಮಾತು ಬಂತು: 'ಅಣ್ಣಾ, ಎಲ್ಲರೂ ತೆಂಗನ್ನು ತೋಟದಲ್ಲಿ ಬೆಳೆದರೆ ನೀವು ತಲೆಯಲ್ಲೇ ಬೆಳೆದಿದ್ದೀರಲ್ಲ. ಯಾವ ತಳಿ?' ಅದರ ಕೆಳಗೆ ಎಂದಿನಂತೆ ಸೂರ್ಯ ಹುಟ್ಟಿದ.

ದಯಾನಂದ ಆಗ ಫೋಟೋವನ್ನು ಸರಿಯಾಗಿ ನೋಡಿದ. ಹಿಂದೆ ಬದುವಿನ ಮೇಲಿದ್ದ ಓರೆ ಮರವೊಂದು ಅವನ ನೆತ್ತಿಯನ್ನೇ ಸೀಳಿಕೊಂಡು ಎದ್ದಂತೆ ಕಾಣುತ್ತಿತ್ತು. ಅವನ ಕಿವಿಯ ಮೇಲಿಂದ ಗರಿಗಳು ಜೋಲುತ್ತಿದ್ದವು. ಬಳಗದವರು ನಕ್ಕಿದ್ದೂ ನಕ್ಕಿದ್ದೇ. ಯಾರೋ ಒಬ್ಬ ಪುಣ್ಯಾತ್ಮ 'ತಲೆಗೆ ಬೇವಿನ ಹಿಂಡಿ ಹಾಕಿ' ಎಂದು ಸಲಹೆ ಕೊಟ್ಟಿದ್ದ. ದಯಾನಂದನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಬಿಟ್ಟಿಯಾಗಿ ಸಲಹೆ ಕೊಟ್ಟವನಿಗೆ ಇದೇ ಮರ್ಯಾದೆಯೇ ಎಂದು ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟ. ಮರ ಹೋಗಬೇಕು ಎಂದು ಆಗಲೇ ತೀರ್ಮಾನಿಸಿದ.

ಇಲ್ಲಿ ಆ ಮರದ ಬಗ್ಗೆ ಒಂದು ಮಾತು ಹೇಳಬೇಕು. ಅದು ಜಂಟಿ ಮರ. ಬದುವಿನ ಆ ಕಡೆಯ ತೋಟ ದಯಾನಂದನ ದೊಡ್ಡಪ್ಪನ ಮಗ ಹುಚ್ಚಣ್ಣನದು. ಅಪ್ಪಂದಿರು ಪಾಲಾದಾಗ ಹಂಡೆಯಿಂದ ಹಿಡಿದು ಎತ್ತಿನ ಗಂಟೆಯವರೆಗೆ ಎಲ್ಲವನ್ನೂ ಎಳೆದಾಡಿ ಹಂಚಿಕೊಂಡು, ಈ ಓರೆ ಮರವೊಂದನ್ನು ಮಾತ್ರ ಯಾಕೋ ಇಬ್ಬರಿಗೂ ಎಂದು ಬಿಟ್ಟಿದ್ದರು. ಒಂದು ಕೊಯ್ಲು ಈ ಮನೆಗೆ, ಮುಂದಿನ ಕೊಯ್ಲು ಆ ಮನೆಗೆ. ಎರಡು ಮನೆಗಳ ನಡುವೆ ಜಗಳವಿಲ್ಲದೆ ನಡೆದುಬಂದ ವ್ಯವಹಾರ ಅದೊಂದೇ.

ದಯಾನಂದ ಫೋಟೋ ತಿದ್ದುವ ಸಾಫ್ಟ್‌ವೇರೊಂದನ್ನು ತಂದು ಕೂರಿಸಿದ. ತೆರೆದರೆ ಎಡಗಡೆ ಉದ್ದಕ್ಕೂ ಪುಟ್ಟ ಪುಟ್ಟ ಆಯುಧಗಳು: ಕುಂಚ, ಕತ್ತರಿ, ರಬ್ಬರು, ಬಕೆಟ್ಟು. ಅಳಿಸುವುದು ತಾನೇ ಎಂದು ರಬ್ಬರು ಹಿಡಿದು ಮರದ ಸುಳಿಯನ್ನು ಉಜ್ಜಿದ. ಸುಳಿಯ ಜೊತೆಗೆ ಆಕಾಶವೂ ಅಳಿಸಿಹೋಗಿ ಹಿಂದೆ ಬೂದು ಬಿಳಿ ಚೌಕಗಳು ಕಾಣಿಸಿದವು. ಆಕಾಶದ ಹಿಂದೆ ಇಂಥದ್ದಿರುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಅವನು ಸುನಂದಾಳಿಗೆ ಹೇಳಿದ. ಅವಳು, ಮೊದಲು ಕೊಟ್ಟಿಗೆಯ ಹಿಂದೆ ಏನಿದೆ ನೋಡಿ, ಸಗಣಿ ತೆಗೆಯದೆ ಎಷ್ಟು ಹೊತ್ತಾಯಿತು ಎಂದಳು.

ಕಲಿಸಿಕೊಡುವ ವಿಡಿಯೋದಲ್ಲಿ ಒಬ್ಬ ಹುಡುಗ, ಏನು ತಿದ್ದುವುದಿದ್ದರೂ ಬೇರೆ ಪದರದಲ್ಲಿ ತಿದ್ದಿ, ಮೂಲ ಚಿತ್ರವನ್ನು ಮುಟ್ಟಬೇಡಿ ಎಂದು ಬಡಿದುಕೊಂಡ. ದಯಾನಂದ ಇದನ್ನು ಔಷಧಿ ಕಂಪನಿಯವರು ಕೊಡುವ ಎಚ್ಚರಿಕೆಯಂತೆ ಭಾವಿಸಿ ಮುಂದಕ್ಕೆ ಓಡಿಸಿದ. ಅವನ ಕಣ್ಣಿಗೆ ಬಿದ್ದದ್ದು ಸ್ಟ್ಯಾಂಪು. ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಒತ್ತಿದರೆ ಅಲ್ಲಿರುವುದು ಇಲ್ಲಿ ಮೂಡುತ್ತದೆ. ಆಕಾಶವನ್ನು ಒತ್ತಿಕೊಂಡು ಮರದ ಮೇಲೆ ಒತ್ತಿದ. ಮರ ಹೋಯಿತು. ಅದರ ಜೊತೆ ಎಡಗಿವಿಯೂ ಹೋಯಿತು. ಬಲಗಿವಿಯನ್ನೇ ತಂದು ಅಲ್ಲಿ ಒತ್ತಿದ, ಅದು ಹಿಂದುಮುಂದಾಗಿ ಕೂತಿತು. ಇಷ್ಟಾದ ಮೇಲೆ ಬದುವಿನ ಕತ್ತಾಳೆ ಬೇಲಿ ಹಾಳುಹಾಳಾಗಿ ಕಂಡಿತು. ಹುಚ್ಚಣ್ಣನ ಪಂಪ್‌ಹೌಸಿನ ಮೇಲೆ ಒಣಗುತ್ತಿದ್ದ ಚೌಕುಳಿ ಟವೆಲ್ಲು ಕಣ್ಣಿಗೆ ಚುಚ್ಚಿತು. ದಯಾನಂದ ತನ್ನ ತೋಟದ ಮರಗಳನ್ನೇ ತೆಗೆದು ತೆಗೆದು ಒತ್ತಿದ. ಟವೆಲ್ಲು, ಪಂಪ್‌ಹೌಸು, ಬೇಲಿ ಎಲ್ಲವೂ ಮಾಯವಾಗಿ ಅವನ ತೋಟ ಕಣ್ಣು ಹಾಯುವವರೆಗೂ ಹಬ್ಬಿತು. ಇಷ್ಟು ಸಲೀಸಾಗಿ ತೆಂಗು ಬೆಳೆದದ್ದು ಅವನ ವಂಶದಲ್ಲೇ ಮೊದಲು.

ಬಂಗಾರದ ಅಕ್ಷರ ಬಂತು, ಅಕ್ಷರಕ್ಕೆ ನೆರಳು ಬಂತು, ಸುತ್ತ ಮಿಂಚು ಬಂತು. ಸೂರ್ಯನನ್ನು ಇಡಲು ಹೋಗಿ ಕೈತಪ್ಪಿ ಎರಡು ಸೂರ್ಯರು ಬಂದರು. ಒಂದನ್ನು ತೆಗೆಯಲು ಗೊತ್ತಾಗಲಿಲ್ಲ. ಮೋಹನ್ ಕುಮಾರನಿಗೆ ಒಂದೇ ಇರುವಾಗ ತನಗೆ ಎರಡಿದ್ದರೆ ನಷ್ಟವೇನು ಎಂದು ಬಿಟ್ಟ. ಉಳಿಸುವಾಗ ಕಂಪ್ಯೂಟರು, ಹಳೆಯದರ ಮೇಲೆಯೇ ಉಳಿಸಲೇ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು. ಕಂಪ್ಯೂಟರು ಕೇಳಿದ್ದಕ್ಕೆಲ್ಲ ಹೌದು ಎನ್ನುವುದು ಅವನ ಪದ್ಧತಿ. ಹೌದು ಎಂದ. ಫೋನಿನಲ್ಲಿದ್ದ ಮೂಲ ಫೋಟೋವನ್ನು ಮೋಹನ್ ಕುಮಾರನ ಮೇಲಿನ ಸಿಟ್ಟಿಗೆ ಅಂದೇ ಅಳಿಸಿಹಾಕಿದ್ದ.

ಹೊಸ ಸಿಗ್ನೇಚರ್ ಕಂಡು ತೆಂಗು ಬಳಗ ದಂಗಾಯಿತು. ಎಷ್ಟು ಎಕರೆ ಎಂದು ಕೇಳುವವರೇ ಎಲ್ಲ. ಮೋಹನ್ ಕುಮಾರ್ ಮಾತೇ ಆಡಲಿಲ್ಲ. ಇಲ್ಲಿಗೆ ಕತೆ ಮುಗಿದಿದ್ದರೆ ದಯಾನಂದನಷ್ಟು ಸುಖಿ ತಿಪಟೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿರುತ್ತಿರಲಿಲ್ಲ. ಆದರೆ ಸುನಂದಾಳ ತಮ್ಮ, ಕೆಂಕೆರೆಯವನು, ಹೆಮ್ಮೆ ತಡೆಯಲಾರದೆ ಆ ಚಿತ್ರವನ್ನು 'ನಮ್ಮ ಭಾವನ ತೋಟ' ಎಂದು ಬರೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಆ ಗುಂಪಿನಲ್ಲಿ ಹುಚ್ಚಣ್ಣನೂ ಇದ್ದ.

ಹುಚ್ಚಣ್ಣ ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಜಂಟಿ ಮರ ಇರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ತೋಟಕ್ಕೆ ಓಡಿದ. ಮರ ಎಂದಿನಂತೆ ಓರೆಯಾಗಿ ನಿಂತಿತ್ತು. ಬೇರೆಯವನಾಗಿದ್ದರೆ ಇಲ್ಲಿಗೆ ಸಮಾಧಾನಪಟ್ಟು ಮನೆಗೆ ಹೋಗುತ್ತಿದ್ದ. ಹುಚ್ಚಣ್ಣನಿಗೆ ನಿಜವಾದ ಗಾಬರಿ ಶುರುವಾದದ್ದೇ ಆಗ. ಮರ ಇದ್ದೂ ಫೋಟೋದಲ್ಲಿ ಇಲ್ಲವೆಂದರೆ ಇದರಲ್ಲಿ ಏನೋ ಹೂಟವಿದೆ ಎಂದುಕೊಂಡ.

ಅವನು ಹೀಗೆ ಯೋಚಿಸಿದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಬೆಳೆ ಸಮೀಕ್ಷೆಗೆಂದು ಬಂದ ಯಾರೋ ಅವನ ರಾಗಿ ಹೊಲದ ಬದಲು ಪಕ್ಕದ ಹುರುಳಿ ಹೊಲದ ಫೋಟೋ ಹಿಡಿದುಕೊಂಡು ಹೋಗಿ, ಪಹಣಿಯಲ್ಲಿ ಹುರುಳಿ ಎಂದೇ ಕೂತು, ರಾಗಿ ಮೂಟೆಗಳನ್ನು ಸರ್ಕಾರದ ಖರೀದಿ ಕೇಂದ್ರಕ್ಕೆ ಕೊಂಡೊಯ್ದಾಗ ಇದು ಹುರುಳಿಯಲ್ಲವೇ ಎಂದು ಹುಚ್ಚಣ್ಣ ಕೇಳಿಸಿಕೊಂಡು ಬಂದಿದ್ದ. ಅಂದಿನಿಂದ, ಹೊಲದಲ್ಲಿರುವುದು ಹೊಲದಲ್ಲಿರುತ್ತದೆ, ಫೋಟೋದಲ್ಲಿರುವುದೇ ಪಹಣಿಗೆ ಹೋಗುತ್ತದೆ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಈಗ ದಯಾನಂದ ಫೋಟೋದಲ್ಲಿ ಮರ ತೆಗೆದಿದ್ದಾನೆ, ಬೇಲಿ ತೆಗೆದಿದ್ದಾನೆ, ಅಣ್ಣನ ಪಂಪ್‌ಹೌಸು ಕೆಡವಿದ್ದಾನೆ, ಅಣ್ಣನ ತೋಟದ ತುಂಬ ತನ್ನ ಮರ ನೆಟ್ಟಿದ್ದಾನೆ, ಅದನ್ನು ಕಂಪ್ಯೂಟರಿಗೆ ಹಾಕಿದ್ದಾನೆ. ಇನ್ನು ಉಳಿದದ್ದೇನು?

ಮಾರನೆಯ ದಿನ ದಯಾನಂದನ ನೀರಿನ ಸರದಿ. ಬೋರ್‌ವೆಲ್ಲು ಪಾಲಾದ ಮೇಲೆ ಇಬ್ಬರೂ ಸೇರಿ ಕೊರೆಸಿದ್ದು, ಅದರ ಪಂಪ್‌ಹೌಸೂ ನೀರು ಬಿಡುವ ಗೇಟ್‌ವಾಲ್ವೂ ಮಾತ್ರ ಹುಚ್ಚಣ್ಣನ ನೆಲದಲ್ಲಿವೆ. ಹಳೆಯ ಮರಗಳ ಸಂದಿಯಲ್ಲಿ ದಯಾನಂದ ಆ ವರ್ಷವಷ್ಟೇ ಹೊಸ ಸಸಿಗಳನ್ನು ನೆಟ್ಟಿದ್ದ. ಬೇಸಿಗೆಯಲ್ಲಿ ಅವಕ್ಕೆ ನೀರು ತಪ್ಪುವಂತಿರಲಿಲ್ಲ. ಪೈಪಿನ ಬಾಯಲ್ಲಿ ನಿಂತು ಕಾದ. ನೀರು ಬರಲಿಲ್ಲ. ಬದು ದಾಟಿ ಹೋದರೆ ಹುಚ್ಚಣ್ಣ ವಾಲ್ವಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದ.

"ವಾಲ್ವು ಯಾಕಣ್ಣ ತಿರುಗಿಸ್ದೆ? ಇವತ್ತು ನಂದಲ್ವಾ?"

"ಯಾವ ವಾಲ್ವಪ್ಪ? ನಿನ್ನ ಫೋಟೋದಲ್ಲಿ ನನ್ನ ಪಂಪ್‌ಹೌಸೇ ಇಲ್ಲ. ಇಲ್ದಿರೋ ಪಂಪ್‌ಹೌಸಿಂದ ನೀರು ಎಂಗ್ ಬತ್ತೈತೆ?"

ದಯಾನಂದನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಂದ ಸಿಟ್ಟಿಗೆ ಮಾತು ತೊದಲಿತು. ಅದು ಪಹಣಿಯಲ್ಲ, ಮಾತಿನ ಕೆಳಗೆ ಬರುವ ಅಲಂಕಾರ ಎಂದು ವಿವರಿಸಿದ. ಯಾವ ಮಾತಿನ ಕೆಳಗೆ ಎಂದು ಹುಚ್ಚಣ್ಣ ಕೇಳಿದ. ಬೇವಿನ ಹಿಂಡಿ ಹಾಕಿ ಎಂಬ ಮಾತಿನ ಕೆಳಗೆ ಎಂದು ದಯಾನಂದ ಹೇಳಿದ. ಇದನ್ನು ಯಾರಾದರೂ ನಂಬುತ್ತಾರೆಯೇ ಎಂದು ಹುಚ್ಚಣ್ಣ ಪಕ್ಕದಲ್ಲಿ ಮೇಯುತ್ತಿದ್ದ ಎಮ್ಮೆಯ ಕಡೆ ನೋಡಿದ.

"ಅಲಂಕಾರಕ್ಕೆ ಅಂದ್ರೆ ನಿನ್ನ ಮರ ತೆಗಿ, ಬ್ಯಾಡ ಅಂದೋರ್ಯಾರು? ಜಂಟಿ ಮರಾನೇ ಯಾಕ್ ತೆಗೆದೆ?"

"ಅದು ನನ್ನ ತಲೆ ಮೇಲೆ ಬಂದಿತ್ತು ಕಣಣ್ಣ."

"ಈ ಕೊಯ್ಲು ನಿಂದಾಯ್ತು, ಮುಂದಿನ ಕೊಯ್ಲು ನಂದು. ನನ್ನ ಸರದಿ ಬರೋ ಹೊತ್ಗೆ ಮರಾನೇ ಮಾಯ ಮಾಡಿದೀಯ. ಅದು ಎಲ್ಲಿತ್ತೋ ಅಲ್ಲಿಗೆ ಬರ್ಲಿ, ಆಮೇಲೆ ನೀರು. ಅಲ್ಲೀಗಂಟ ಇಲ್ಲ, ಬುಡು."

ಕಂಪ್ಯೂಟರಿನಲ್ಲಿ ಕಡಿದ ಮರಕ್ಕೆ ತೋಟದಲ್ಲಿ ದಂಡ ಕಟ್ಟಿಸಿಕೊಳ್ಳುವ ಈ ನ್ಯಾಯಕ್ಕೆ ದಯಾನಂದ ಉರಿದುಬಿದ್ದ. ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡ. ಇದರಿಂದ ಲಾಭವೇನೂ ಆಗಲಿಲ್ಲ. ಮರುದಿನ ಹಾಲಿನ ಡೈರಿಯ ಮುಂದೆ ಜನ ಅವನನ್ನು ಕರುಣೆಯಿಂದ ನೋಡುವ ಬದಲು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದರು. ಒಬ್ಬನಿಗೆ ತನ್ನ ಹೊಲಕ್ಕೆ ನೆರಳು ಬೀಳಿಸುವ ಪಕ್ಕದವನ ಹುಣಸೆಮರ ಹೋಗಬೇಕಿತ್ತು. ಇನ್ನೊಬ್ಬನಿಗೆ ಮದುವೆ ಆಲ್ಬಮ್ಮಿನಿಂದ ಷಡ್ಡಕನನ್ನು ತೆಗೆಸಬೇಕಿತ್ತು. ಪಂಚಾಯ್ತಿ ಸದಸ್ಯೆ ರಾಮಲಕ್ಷ್ಮಮ್ಮ ಮಾತ್ರ ಹಾಗೇನೂ ಕೇಳದೆ, ಸ್ಮಶಾನದ ದಾರಿ ಅಗಲವಾಗಿ ಕಾಣುವ ಹಾಗೆ ಒಂದು ಫೋಟೋ ಮಾಡಿಕೊಡಲು ಸಾಧ್ಯವೇ ಎಂದು ವಿಚಾರಿಸಿದರು. ತಾನು ಇಂಥವರ ನಡುವೆ ಹುಟ್ಟಬಾರದಿತ್ತು ಎಂದು ದಯಾನಂದನಿಗೆ ಅನ್ನಿಸಿತು.

ಮನೆಯಲ್ಲೂ ಸುಖವಿರಲಿಲ್ಲ. ಸುನಂದಾ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳಿಗೆ ಹಾಕುತ್ತಿದ್ದಳು. ಒಂದೊಂದು ಬಿಂದಿಗೆ ಇಳಿಸುವಾಗಲೂ ಅವನ ಕಡೆ ಒಮ್ಮೆ ನೋಡುತ್ತಿದ್ದಳು. ಕೊನೆಗೆ, "ಅದೇನು ಮೌಸಲ್ಲಿ ತೆಗೆದ್ರೋ ಮೌಸಲ್ಲೇ ಇಟ್ಬಿಡ್ರೀ ಅತ್ಲಾಗೆ. ನನ್ನ ಸೊಂಟ ಬಿದ್ದೋಯ್ತು" ಎಂದಳು. ಸುಳಿ ಬಾಡುತ್ತಿದ್ದ ಸಸಿಗಳನ್ನು ದಯಾನಂದ ಒಂದು ಸುತ್ತು ನೋಡಿ ಬಂದ. ಹಠ ಬಿಟ್ಟು ಮರ ನೆಡಲು ಕೂತ.

ಕೂತ ಮೇಲೆ ಗೊತ್ತಾಯಿತು, ನೆಡಲು ಮರವೇ ಇಲ್ಲ. ಹಳೆಯದರ ಮೇಲೆ ಹೊಸದನ್ನು ಉಳಿಸಿ ಎಲ್ಲವನ್ನೂ ಹೂತುಹಾಕಿದ್ದ. ಆ ಹುಡುಗ ಪದರ ಪದರ ಎಂದು ಯಾಕೆ ಬಡಿದುಕೊಂಡ ಎಂಬುದು ಈಗ ತಿಳಿಯಿತು. ಹೊಸ ಫೋಟೋ ತೆಗೆಯಲು ತೋಟಕ್ಕೆ ಹೋಗುವುದೆಂದರೆ ಹುಚ್ಚಣ್ಣನ ಕಣ್ಣೆದುರು ಸೋತಂತೆ. ಅದಕ್ಕೇ ಇಂಟರ್‌ನೆಟ್ಟಿನಲ್ಲಿ ಓರೆಯಾಗಿ ನಿಂತ ತೆಂಗಿನಮರವೊಂದನ್ನು ಹುಡುಕಿ, ಕತ್ತರಿಸಿ, ತಂದು ಬದುವಿನ ಮೇಲೆ ನಿಲ್ಲಿಸಿ, ಹೋಗಿ ಹುಚ್ಚಣ್ಣನಿಗೆ ತೋರಿಸಿದ.

ಹುಚ್ಚಣ್ಣ ಬಹಳ ಹೊತ್ತು ನೋಡಿದ. ಅವನ ಮುಖ ಮೆಲ್ಲಗೆ ಕೆಂಪಾಯಿತು.

"ಇದ್ಯಾರ ಮರ ತಂದು ನಿಲ್ಸಿದೀಯ್ಲಾ? ಹಿಂದ್ಗಡೆ ಸಮುದ್ರ ಕಾಣ್ತೈತೆ."

ಕತ್ತರಿಸುವಾಗ ಬುಡದಲ್ಲಿ ಒಂದಿಷ್ಟು ಸಮುದ್ರ ಉಳಿದುಬಿಟ್ಟಿತ್ತು. ನೀಲಿಯದು, ಅಲೆ ಸಮೇತ. ನಮ್ಮ ಮರ ಕಿತ್ತು ಸಮುದ್ರದ ಕಡೆಯ ಯಾರಿಗೋ ಪಾಲು ಕೊಟ್ಟಿದ್ದಾನೆ ಎಂದು ಹುಚ್ಚಣ್ಣ ಅಂದು ಸಂಜೆಯ ಒಳಗೆ ಊರಿಗೆಲ್ಲ ಸಾರಿದ. ಅಷ್ಟಕ್ಕೇ ನಿಲ್ಲದೆ ಗ್ರಾಮ ಲೆಕ್ಕಿಗರಾದ ಮಲ್ಲಿಕಾರ್ಜುನಯ್ಯನವರಿಗೆ ದೂರು ಕೊಟ್ಟ.

ಮಲ್ಲಿಕಾರ್ಜುನಯ್ಯನವರು ಸ್ಕೂಟರಿನಲ್ಲಿ ಬಂದರು. ಅವರು ನಿಷ್ಪಕ್ಷಪಾತಿಗಳು. ಹುಚ್ಚಣ್ಣ ತನ್ನ ತೋಟದ ಎಳನೀರು ಕೊಟ್ಟ, ಕುಡಿದರು. ಆ ಕಡೆಯದನ್ನು ಕುಡಿದು ಈ ಕಡೆಯದನ್ನು ಬಿಟ್ಟರೆ ತಪ್ಪಾಗುತ್ತದೆಂದು ದಯಾನಂದ ಕೊಟ್ಟದ್ದನ್ನೂ ಕುಡಿದರು. ಇದನ್ನು ನೋಡಿ ಹುಚ್ಚಣ್ಣ ಇನ್ನೊಂದು ಕೆತ್ತಿದ. ಹೀಗೆ ನ್ಯಾಯದ ತಕ್ಕಡಿಯನ್ನು ಸಮವಾಗಿ ಹಿಡಿದು ಹಿಡಿದು ಅವರಿಗೆ ಏದುಸಿರು ಬಂತು. ಕೊನೆಗೆ ಬದುವಿನ ಮೇಲೆ ಕೂತು ಫೋನು ಇಸಿದುಕೊಂಡು ಚಿತ್ರ ನೋಡಿದರು. ಆಮೇಲೆ ತಲೆಯೆತ್ತಿ ಆಕಾಶ ನೋಡಿದರು. ಮತ್ತೆ ಚಿತ್ರ ನೋಡಿದರು.

"ಇದರಲ್ಲಿ ಎರಡು ಸೂರ್ಯ ಇದಾವಲ್ರೀ."

ಹೌದು ಎಂದು ದಯಾನಂದ ಒಪ್ಪಿಕೊಂಡ.

"ಎರಡು ಸೂರ್ಯ ಇರೋ ಜಾಗ ನನ್ನ ಸರ್ಕಲ್ಲಿಗೆ ಬರಲ್ಲ" ಎಂದು ಮಲ್ಲಿಕಾರ್ಜುನಯ್ಯನವರು ಫೋನು ಹಿಂದಕ್ಕೆ ಕೊಟ್ಟರು. ಪಹಣಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ನೀರು ಬಿಟ್ಟುಬಿಡಿ ಎಂದು ಹುಚ್ಚಣ್ಣನಿಗೆ ಬುದ್ಧಿ ಹೇಳಿದರು. ಹುಚ್ಚಣ್ಣ ಕೇಳಲಿಲ್ಲ. ಇವರೂ ಅವನ ಎಳನೀರಿಗೆ ಮರುಳಾದರು, ಅವನ ತೋಟದ ಕಾಯಿ ಮೊದಲಿನಿಂದಲೂ ಸಿಹಿ ಎಂದು ಗೊಣಗಿದ. ದಯಾನಂದ ನನ್ನ ಸಸಿ ಸತ್ತರೆ ಯಾರು ಹೊಣೆ ಎಂದು ಕೂಗಿದ. ಹುಚ್ಚಣ್ಣ ನನ್ನ ಪಂಪ್‌ಹೌಸು ಸತ್ತಿದ್ದಕ್ಕೆ ಯಾರು ಹೊಣೆ ಎಂದು ಕೂಗಿದ. ಇಬ್ಬರ ಗದ್ದಲ ಕೇಳಿ ಹುಚ್ಚಣ್ಣನ ತಾಯಿ ಚಿಕ್ಕಗೌರಮ್ಮ ಕೋಲೂರಿಕೊಂಡು ಬದುವಿಗೆ ಬಂದಳು.

ಚಿಕ್ಕಗೌರಮ್ಮನ ಮುಂದೆ ಇಬ್ಬರೂ ದನಿ ತಗ್ಗಿಸಿದರು. ಅವಳಿಗೆ ಪಹಣಿಯ ಚಿಂತೆಯಿರಲಿಲ್ಲ. ಫೋನು ಕೇಳಿ ಇಸಿದುಕೊಂಡು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು.

"ಮರ ಎಲ್ಲೋ ದಯಾ?"

"ತೆಗೆದುಬುಟ್ಟೆ ದೊಡ್ಡವ್ವ. ನನ್ನ ತಲೇಲಿ ಬೆಳೆದಂಗೆ ಕಾಣ್ತಿತ್ತು. ಜನ ನಗ್ತಿದ್ರು."

"ಅದು ಇನ್ನೆಲ್ಲಿ ಬೆಳೀಬೇಕಾಗಿತ್ಲಾ?"

ಮಲ್ಲಿಕಾರ್ಜುನಯ್ಯನವರು ಸ್ಕೂಟರಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ನೀನು ಹುಟ್ಟಿದಾಗ ನಿಮ್ಮವ್ವ ಮೇಲಕ್ಕೆ ಏಳಂಗಿರ್ಲಿಲ್ಲ. ನಿನ್ನ ಹೊಕ್ಕಳ ಬಳ್ಳಿ ತಂದು ಇಲ್ಲಿ ಹೂತು, ಅದ್ರ ಮೇಲೆ ಈ ಸಸಿ ಇಟ್ಟೋಳು ನಾನು. ನೀರು ಹೊತ್ತಿದ್ದು ಇವ್ನು, ಈ ಹುಚ್ಚ. ಅವ್ನಿಗಿಂತ ಬಿಂದಿಗೇನೇ ದೊಡ್ಡದಿತ್ತು. ನನ್ನ ತಮ್ಮನ ಮರ ಅಂತ ಬ್ಯಾಸ್ಗೆ ಪೂರಾ ಹೊತ್ತು ಹೊಯ್ದ. ಎಲ್ಲಾ ಹಂಚ್ಕಂಡೋರು ಇದೊಂದ್ನ ಯಾಕೆ ಇಬ್ರಿಗೂ ಅಂತ ಬುಟ್ರು ಅಂದ್ಕಂಡಿದ್ರಿ?"

ದಯಾನಂದ ಮರದ ಬುಡ ನೋಡಿದ. ಹುಚ್ಚಣ್ಣ ವಾಲ್ವಿನ ಮೇಲಿನ ಗೋಣಿಚೀಲ ನೋಡಿದ. ಚಿಕ್ಕಗೌರಮ್ಮನಿಗೆ ಆ ಹೊತ್ತಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವಳ ಕೋಲು ಮಗನ ಕಡೆ ತಿರುಗಿತು.

"ಅವತ್ತು ಇವನ ಸಸಿಗೆ ನೀರು ಹೊತ್ತೋನು ಇವತ್ತು ಇವನ ಸಸಿಗೆ ನೀರು ನಿಲ್ಲಿಸ್ತೀಯೇನ್ಲಾ?"

ಹುಚ್ಚಣ್ಣ ಹೋಗಿ ವಾಲ್ವು ತಿರುಗಿಸಿದ. ಆ ಕಡೆ ಪೈಪು ಒಮ್ಮೆ ಕೆಮ್ಮಿ ನೀರು ಸುರಿಯಿತು. ದಯಾನಂದ, ಇದನ್ನು ಇಷ್ಟು ವರ್ಷ ಯಾರೂ ನನಗೆ ಯಾಕೆ ಹೇಳಲಿಲ್ಲ ಎಂದು ರೇಗಿದ. ಕೇಳಿದ್ದರೆ ಹೇಳುತ್ತಿದ್ದೆ, ನೀನು ಯಾವತ್ತು ಯಾರ ಮಾತನ್ನು ಪೂರ್ತಿ ಕೇಳಿದ್ದೀಯ ಎಂದಳು ಚಿಕ್ಕಗೌರಮ್ಮ. ಸುನಂದಾ ದೂರದಿಂದಲೇ ಹೌದೆಂದು ತಲೆಯಾಡಿಸಿದಳು.

ಹೊಸ ಫೋಟೋ ಅಲ್ಲೇ ಆಗಬೇಕೆಂದು ತೀರ್ಮಾನವಾಯಿತು. ಯಾರ ಕಡೆಯವರೂ ಅಲ್ಲದ ಮಲ್ಲಿಕಾರ್ಜುನಯ್ಯನವರ ಕೈಗೆ ಫೋನು ಕೊಟ್ಟರು. ದಯಾನಂದ ನಾಚಿಕೆಯಿಂದ ಮರ ಪಕ್ಕಕ್ಕೆ ಬರುವ ಹಾಗೆ ನಿಂತ. ಚಿಕ್ಕಗೌರಮ್ಮ ಒಪ್ಪಲಿಲ್ಲ. ಬಲಕ್ಕೆ ಸರಿ ಎಂದಳು, ಸರಿದ. ಇನ್ನೂ ಚೂರು ಎಂದಳು. "ಕಿವಿ ಮೇಲೆ ಬತ್ತೈತೆ ಕಣ್ಲಾ, ನೆತ್ತಿ ಮೇಲೆ ಬರ್ಲಿ" ಎಂದು ಕೋಲಿನಿಂದ ಅವನ ಭುಜ ತಿವಿದು, ಮರ ನೆತ್ತಿಯ ನಡುವಿನಿಂದಲೇ ಎದ್ದು ಗರಿಗಳು ಎರಡೂ ಕಿವಿಗಳ ಮೇಲೆ ಸಮನಾಗಿ ಇಳಿಯುವವರೆಗೆ ಬಿಡಲಿಲ್ಲ. ಪಂಪ್‌ಹೌಸೂ ಟವೆಲ್ಲೂ ಬಂದಿವೆಯೇ ಎಂದು ಹುಚ್ಚಣ್ಣ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ಅವನು ಗಲ್ಲ ಕೆರೆದುಕೊಂಡ.

"ಅಲ್ಲ, ಮುಂದಿನ ಕೊಯ್ಲಿಗೆ?"

"ಮುಂದಿನ ಕೊಯ್ಲಿಗೆ ಏನಣ್ಣ?"

"ಅದು ನನ್ನ ಸರದಿ. ಆವಾಗ ಮರ ಯಾರ ತಲೆ ಮೇಲಿರ್ತೈತೆ?"

ದಯಾನಂದ ಬೆಚ್ಚಿಬಿದ್ದ. ತನ್ನ ಸಿಗ್ನೇಚರಿನಲ್ಲಿ ಹುಚ್ಚಣ್ಣನ ತಲೆಯೇ ಎಂದು ಹೌಹಾರಿ ಮಲ್ಲಿಕಾರ್ಜುನಯ್ಯನವರ ಕಡೆ ನೋಡಿದ. ಅವರು ಗಂಭೀರವಾಗಿ ಯೋಚಿಸಿ, ಇಡೀ ಪ್ರಕರಣದಲ್ಲಿ ಕಾನೂನಿಗೆ ಒಪ್ಪುವ ಮಾತು ಇದೊಂದೇ ಎಂದು ಹೇಳಿ ಸ್ಕೂಟರು ಹತ್ತಿದರು.

ಜಂಟಿ ಮರದ ಕಾಯಿ ಇನ್ನೂ ಬಲಿತಿಲ್ಲ ಎಂದು ಆ ಸಲ ದಯಾನಂದ ಹೇಳಿದಷ್ಟು ಸಲ ಯಾರೂ ಯಾವ ಮರಕ್ಕೂ ಹೇಳಿರಲಾರರು. ದಿನಾ ಹೋಗಿ ಕತ್ತೆತ್ತಿ ನೋಡಿ, ಇನ್ನೂ ಎಳಸು ಎನ್ನುತ್ತಿದ್ದ. ಕೊನೆಗೆ ಕಾಯಿಗಳು ತಾವಾಗಿ ಉದುರತೊಡಗಿದವು. ಹುಚ್ಚಣ್ಣ ತನ್ನ ಕೊಯ್ಲು ಇಳಿಸಿಕೊಂಡು, ಕ್ಷೌರ ಮಾಡಿಸಿ, ಮಗನ ಮದುವೆಯಲ್ಲಿ ಹೊಲಿಸಿದ್ದ ಸಫಾರಿ ಹಾಕಿಕೊಂಡು ಬಂದು ಮರದ ಮುಂದೆ ನಿಂತ. ದಯಾನಂದ ಹಲ್ಲು ಕಚ್ಚಿಕೊಂಡು ಫೋಟೋ ತೆಗೆದು ಸಿಗ್ನೇಚರ್ ಬದಲಿಸಿದ. ಈ ಸಲ ಬೇರೆ ಪದರದಲ್ಲಿ.

ಚಿತ್ರ ಹೇಗೆ ಬಂದಿದೆ ನೋಡಲು ಹುಚ್ಚಣ್ಣ ಮರುದಿನ ಮನೆಗೇ ಬಂದ. ಯಾರೋ ಸುಳಿ ಕೊಳೆತಿದೆ ಎಂದು ಕೇಳಿದ್ದರು. ದಯಾನಂದ 'ಬೇವಿನ ಹಿಂಡಿ ಹಾಕಿ' ಎಂದಿದ್ದ. ಕೆಳಗೆ ಹುಚ್ಚಣ್ಣ ತೆಂಗಿನಮರವನ್ನು ನೆತ್ತಿಯ ಮೇಲೆ ಹೊತ್ತು, ಎದೆಯುಬ್ಬಿಸಿ ನಿಂತಿದ್ದ. ಅದರ ಕೆಳಗೆ ಮೋಹನ್ ಕುಮಾರನ ಮಾತಿತ್ತು: 'ಅಣ್ಣಾ, ಇದ್ಯಾವ ಹೊಸ ಬುರುಡೆ? ಇದರಲ್ಲಿ ಮೊಳೆತಿರುವುದು ಯಾವ ತಳಿ?'

ದಯಾನಂದ ಅದನ್ನು ಓದಿ ಕೆಂಡವಾದ. ತನ್ನ ತಲೆಗೆ ಅಂದಾಗ ಬಂದದ್ದು ಈ ಸಿಟ್ಟಿನ ಮುಂದೆ ಏನೂ ಅಲ್ಲ. ಕಾಫಿ ತಂದಿಟ್ಟ ಸುನಂದಾಳನ್ನೂ ನೋಡದೆ, ಒಂದೇ ಬೆರಳಿನಿಂದ ಒಂದೊಂದಾಗಿ ಕೀಲಿಗಳನ್ನು ಕುಟ್ಟಿದ: 'ಅದು ನಮ್ಮಣ್ಣ ಹುಚ್ಚಣ್ಣನ ತಲೆ. ಅದರ ಮೇಲಿರುವುದು ನಮ್ಮ ದೊಡ್ಡವ್ವ ನೆಟ್ಟು ನಮ್ಮಣ್ಣ ನೀರು ಹೊತ್ತು ಸಾಕಿದ ಮರ. ನನ್ನ ತಲೆಗೆ ಏನು ಬೇಕಾದರೂ ಅನ್ನು. ನಮ್ಮಣ್ಣನ ತಲೆಯ ತಳಿ ಕೇಳಲು ನೀನು ಯಾರು? ನಿನ್ನ ತಲೆಗೆ ಬೇವಿನ ಹಿಂಡಿ ಹಾಕಿಕೋ.'

ತೆಂಗು ಬಳಗದಲ್ಲಿ ಅವನು ಅಷ್ಟು ಉದ್ದದ ಮಾತು ಬರೆದದ್ದು ಅದೇ ಮೊದಲು. ಏನು ಬರೆದೆ ಎಂದು ಹುಚ್ಚಣ್ಣ ಕೇಳಿದ. ದಯಾನಂದ ಇನ್ನೂ ಏದುಸಿರು ಬಿಡುತ್ತಲೇ ಓದಿ ಹೇಳಿದ. ಹುಚ್ಚಣ್ಣ ಕಾಫಿ ಮುಗಿಸಿ, ಲೋಟ ಇಟ್ಟು, ಎದ್ದು ಬದುವಿನ ಕಡೆ ನಡೆದ. ಅಂದು ನೀರಿನ ಸರದಿ ಹುಚ್ಚಣ್ಣನದು. ಆದರೂ ಸಂಜೆಯವರೆಗೆ ದಯಾನಂದನ ಸಸಿಗಳ ಬುಡದಲ್ಲಿ ನೀರು ಹರಿಯುತ್ತಿತ್ತು.